ಮನೆಯಲ್ಲಿ ಅಕ್ಷರಶುದ್ಧಿಯ ಅಭ್ಯಾಸ

ಮಗುವು ತಾನಾಗಿಯೇ ಬರೆದ ಮೊದಲನೆಯ ಕಾಗದವು ತಾಯ್ತಂದೆಗಳಿಗೆ ಎಷ್ಟು ಹರ್ಷವನ್ನುಂಟುಮಾಡುವುದೆಂಬುದನ್ನು ಮಕ್ಕಳೊಂದಿಗರೆಲ್ಲರೂ ಬಲ್ಲರು. ಆ ಹರ್ಷವನ್ನು ಒಂದು ಗಳಿಗೆಯಲ್ಲಿ ಕೆಡಿಸುವುದು ಹೇಗೆಂಬುದನ್ನು ಮಾತ್ರ ನಾನು ನನ್ನ ಮನೆಯಲ್ಲಿಯೇ, ನನ್ನ ಕೈಯಿಂದಲೇ ಕಲಿತೆನು. ಇತರ ಗೃಹಸ್ಥರು ಅದೇ ತಪ್ಪನ್ನು ಮಾಡದಿರಲಿ ಎಂಬ ಉದ್ದೇಶದಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಹುಡುಗನು ಆಗ ಮೂರನೆಯ ತರಗತಿಯಲ್ಲಿದ್ದನು. ದೂರದ ಊರಿನಲ್ಲಿರುವ ಅವನ ಅಜ್ಜಿಗೆ ದೂರವಾಣಿಯಲ್ಲಿ ಮಾತನಾಡುವುದಕ್ಕಿಂತಲೂ ಕಾಗದ ಬಂದರೆ ಹೆಚ್ಚು ಸಂತೋಷ. ಮಾತು ಗಾಳಿಗೆ ಹೋಗುವುದು, ಕಾಗದವಾದರೆ ಬೇಕೆಂದಾಗ ತೆಗೆದು ಓದಬಹುದು ಎಂದು ಆಕೆ ಹೇಳುವುದುಂಟು. ಒಂದು ಭಾನುವಾರ ಹುಡುಗನು ಯಾರೂ ಹೇಳದೆಯೇ ಜಗಲಿಯ ಮೇಲೆ ಕುಳಿತು ಹೀಗೆ ಬರೆದನು:

"ಹಜ್ಜಿಗೆ ನಮಸ್ಕಾರ. ನಮ್ಮ ಅಸು ಕರು ಆಕಿದೆ. ಹದರ ಅಣೆಯ ಮೇಲೆ ಬಿಳಿ ಬೊಟು ಇದೆ. ಅಣ್ಣ ಧಿನವೂ ಉಲು ತರುತಾನೆ. ನೀವು ಯಾವಾಗ ಬರುತಿರಿ?"

ನಾನು ಅದನ್ನು ಓದಿ, ಕರುವಿನ ವಿಷಯವಾಗಿ ಒಂದು ಮಾತನ್ನೂ ಆಡದೆ, ಕೆಂಪು ಶಾಯಿಯ ಲೇಖನಿಯನ್ನು ತೆಗೆದುಕೊಂಡು ಗೆರೆ ಎಳೆಯತೊಡಗಿದೆನು. ಎಣಿಸಿದರೆ 12 ತಪ್ಪುಗಳು. "ಮೂರನೆಯ ತರಗತಿಯವನ ಬರೆವಣಿಗೆಯೇ ಇದು?" ಎಂದೂ ಕೇಳಿದೆನು. ಹುಡುಗನು ಏನೂ ಹೇಳಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲದೊಳಗೆ ಇಟ್ಟುಕೊಂಡನು. ಆಮೇಲೆ ಎರಡು ತಿಂಗಳವರೆಗೆ ಅವನು ಶಾಲೆಯ ಲೆಕ್ಕಕ್ಕಲ್ಲದೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅಜ್ಜಿಯು ದೂರವಾಣಿಯಲ್ಲಿ, "ಮಗು ಕರುವಿನ ಸಮಾಚಾರ ಬರೆಯುತ್ತೇನೆ ಎಂದಿತ್ತಲ್ಲ, ಏನಾಯಿತು?" ಎಂದು ಕೇಳಿದಾಗ, ಹುಡುಗನು ನನ್ನ ಕಡೆಗೆ ತಿರುಗಿ, "ನೀವೇ ಬರೆದುಬಿಡಿ ಅಪ್ಪಾ, ನನಗೆ ಬರೆಯಲು ಬರುವುದಿಲ್ಲ" ಎಂದನು.

ಆ ಮಾತು ನನಗೆ ನಾಟಿತು. ಬರೆಯುವುದರಲ್ಲಿ ತಪ್ಪುಮಾಡುವ ಮಗುವನ್ನು ತಿದ್ದಬಹುದು. ಬರೆಯುವುದನ್ನೇ ಬಿಟ್ಟ ಮಗುವನ್ನು ತಿದ್ದುವುದು ಹೇಗೆ? "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನಾವು ಆಗಾಗ ಹೇಳುತ್ತೇವೆ. ಬಗ್ಗಿಸುವ ಅವಸರದಲ್ಲಿ ಗಿಡವನ್ನು ಮುರಿಯಬಾರದೆಂಬುದೂ ಆ ಗಾದೆಯಲ್ಲಿಯೇ ಅಡಗಿರುವ ಬುದ್ಧಿವಾದವಲ್ಲವೇ?

ತಪ್ಪುಗಳನ್ನು ಎಣಿಸಬಾರದು, ವಿಂಗಡಿಸಬೇಕು

ಆ ರಾತ್ರಿ ನಾನು ಹುಡುಗನ ಕಾಗದವನ್ನು ಕೇಳಿ ತೆಗೆದುಕೊಂಡು, ತಪ್ಪುಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ನೋಡಿದೆನು. ಹಜ್ಜಿ, ಅಸು, ಆಕಿದೆ, ಹದರ, ಅಣೆ, ಉಲು: ಈ ಆರೂ ಅಕಾರ ಹಕಾರಗಳ ಗೊಂದಲ. ಬೊಟು, ಉಲು, ತರುತಾನೆ, ಬರುತಿರಿ: ಈ ನಾಲ್ಕರಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ. ಬರುತ್ತೀರಿ ಎಂಬಲ್ಲಿ ದೀರ್ಘ ಒಂದು ತಪ್ಪಿದೆ. ದಿನ ಎಂಬಲ್ಲಿ ಬೇಡದ ಮಹಾಪ್ರಾಣ ಒಂದು ಸೇರಿದೆ. ಅಂದರೆ 12 ತಪ್ಪುಗಳಲ್ಲಿ 10 ಎರಡೇ ಕಾರಣಗಳಿಂದ ಹುಟ್ಟಿದವು. ಹುಡುಗನಿಗೆ 12 ಸಂಗತಿ ತಿಳಿಯದೆಂದು ನಾನು ಭಾವಿಸಿದ್ದೆನು. ಅವನಿಗೆ ತಿಳಿಯದಿದ್ದುದು ಮುಖ್ಯವಾಗಿ ಎರಡು ಸಂಗತಿ. 12 ಗೆರೆಗಳನ್ನು ಕಂಡ ಮಗುವಿಗೆ ಎದೆ ಒಡೆಯುವುದು ಸಹಜ. ಎರಡು ಸಂಗತಿಗಳನ್ನು ಕಲಿಸುವುದಾದರೆ ಎರಡು ತಿಂಗಳು ಸಾಕು.

ಇನ್ನೊಂದು ವಿಷಯವೂ ಮರುದಿನ ಬೆಳಗ್ಗೆ ತಿಳಿಯಿತು. ಅಂಗಳದಿಂದ ಯಾರೋ "ಅಸೀಗೆ ಉಲ್ಲು ಆಕು" ಎಂದು ಕೂಗಿದರು. ಕೂಗಿದವನು ನಾನೇ! ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರವು ಜಾರಿಹೋಗುವುದು ಬಹುಕಾಲದ ವಾಡಿಕೆ. ಹುಡುಗನು ಕಿವಿಗೆ ಕೇಳಿದಂತೆ ಬರೆದಿದ್ದನು. ಶಾಲೆಯಲ್ಲಿ "ಹ ಬಿಡಬೇಡ" ಎಂದು ಹೇಳಿಸಿಕೊಂಡು, ಎಲ್ಲಿ ಬೇಕು ಎಲ್ಲಿ ಬೇಡ ಎಂಬುದು ತಿಳಿಯದೆ, ಅಜ್ಜಿಗೂ ಒಂದು ಹಕಾರವನ್ನು ಸೇರಿಸಿದ್ದನು. ಆ ಕಾಗದದಲ್ಲಿ ನಾನು ಕೆಂಪು ಗೆರೆ ಎಳೆದದ್ದು ಬಹುಮಟ್ಟಿಗೆ ನನ್ನ ನಾಲಗೆಗೇ.

ಇದರಿಂದ ಮನೆಯ ಮಾತು ಕೀಳೆಂದು ಯಾರೂ ತಿಳಿಯಬಾರದು. ಮೈಸೂರು ಸೀಮೆಯ ಕೆಲವು ಕಡೆ ಹಕಾರ ಜಾರಿದರೆ, ಧಾರವಾಡದ ಕಡೆ ಮನೆಯು "ಮನಿ"ಯಾಗುವುದು; ಅಲ್ಲಿಯ ಮಗುವು ಹಾಗೆಯೇ ಬರೆಯುವುದು. ಪ್ರತಿಯೊಂದು ಸೀಮೆಯ ಮಾತಿಗೂ ಅದರದೇ ಆದ ಸೊಗಸುಂಟು. "ಅಂಗಳದಲ್ಲಿ ಆಡುವ ಮಾತು ಒಂದು, ಕಾಗದದಲ್ಲಿ ಬರೆಯುವ ಮಾತು ಒಂದು; ಎರಡೂ ನಮ್ಮವೇ" ಎಂದು ಮಗುವಿಗೆ ಹೇಳತಕ್ಕದ್ದು. ಮನೆಯ ಮಾತನ್ನು ಹಳಿದರೆ ಮಗುವು ಬರೆಹವನ್ನಷ್ಟೇ ಅಲ್ಲ, ತನ್ನವರನ್ನೂ ನಾಚಿಕೆಯಿಂದ ನೋಡಲು ಕಲಿಯುವುದು.

ಕನ್ನಡ ಬರೆಹದ ಸ್ವಭಾವ

ನಮ್ಮ ಮಕ್ಕಳು ಅನೇಕರು ಇಂಗ್ಲಿಷನ್ನೂ ಕನ್ನಡವನ್ನೂ ಒಟ್ಟಿಗೆ ಕಲಿಯುತ್ತಾರೆ. ಇಂಗ್ಲಿಷಿನಲ್ಲಿ ನುಡಿಯದ ಅಕ್ಷರವನ್ನೂ ಬರೆಯಬೇಕು. ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳುಂಟು. ಆದುದರಿಂದ ಅಲ್ಲಿ ಪದಗಳನ್ನು ಬಾಯಿಪಾಠ ಮಾಡಿಸುವುದು ರೂಢಿ. ಅದೇ ರೂಢಿಯನ್ನು ಕನ್ನಡಕ್ಕೂ ತಂದು, ಪದಗಳನ್ನು ಗಿಳಿಪಾಠ ಮಾಡಿಸುವುದು ವ್ಯರ್ಥ ಶ್ರಮ. ಕನ್ನಡದ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಇವುಗಳಿಗೂ ನುಡಿಗೂ ಇರುವ ಸಂಬಂಧವು ಬಹಳ ನೇರವಾದುದು. ಸರಿಯಾಗಿ ಕೇಳಿ, ಸರಿಯಾಗಿ ನುಡಿಯುವ ಮಗುವು ಬಹುಪಾಲು ಪದಗಳನ್ನು ಸರಿಯಾಗಿಯೇ ಬರೆಯುವುದು. ಹೀಗಿರುವುದರಿಂದ ಮೊದಲು ಕಿವಿಗೂ ನಾಲಗೆಗೂ ಪಾಠವಾಗಬೇಕು, ಅನಂತರ ಕಣ್ಣಿಗೆ, ಕಿವಿ ಕಣ್ಣುಗಳೆರಡೂ ಸಾಲದ ಕಡೆ ಮಾತ್ರ ನಿಯಮಕ್ಕೆ.

ಬರೆಹದಲ್ಲಿ ತೊಡಕು ಮಕ್ಕಳಿಗೆ ಮಾತ್ರ ಬರುವುದೆಂದು ತಿಳಿಯಬಾರದು. ಹಳಗನ್ನಡದಲ್ಲಿ ಳಕಾರವಲ್ಲದೆ ೞ ಎಂಬ ಇನ್ನೊಂದು ಅಕ್ಷರವಿದ್ದಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವಿರುವ ಪದಗಳ ಪಟ್ಟಿಯನ್ನೇ ಕೊಟ್ಟನು. ಕವಿಗಳಿಗೇ ಪಟ್ಟಿ ಬೇಕಾಗಿದ್ದ ಮೇಲೆ ಮೂರನೆಯ ತರಗತಿಯ ಹುಡುಗನಿಗೆ ಬೇಡವೇ?

ಕಿವಿಯ ಪಾಠ

ಕನ್ನಡದಲ್ಲಿ ಒಂದು ಧ್ವನಿಯ ಭೇದದಿಂದಲೇ ಅರ್ಥವು ಬದಲಾಗುವ ಜೋಡಿ ಪದಗಳು ಬೇಕಾದಷ್ಟಿವೆ. ಇವೇ ಮನೆಯ ಅತ್ಯುತ್ತಮ ಪಾಠಪುಸ್ತಕ.

ಲಕಾರ ಳಕಾರಗಳಿಗೆ: ಹುಲಿ – ಹುಳಿ, ಹಲ್ಲಿ – ಹಳ್ಳಿ, ಬೆಲೆ – ಬೆಳೆ, ಕಾಲು – ಕಾಳು, ಬಲೆ – ಬಳೆ, ಎಲೆ – ಎಳೆ.

ನಕಾರ ಣಕಾರಗಳಿಗೆ: ಅನ್ನ – ಅಣ್ಣ, ಮನ – ಮಣ.

ಹ್ರಸ್ವ ದೀರ್ಘಗಳಿಗೆ: ಬೆಳೆ – ಬೇಳೆ, ಕೊಡು – ಕೋಡು, ಕರು – ಕಾರು, ಮೊರೆ – ಮೋರೆ, ಕೆರೆ – ಕೇರೆ.

ಒತ್ತಕ್ಷರಕ್ಕೆ: ಕತೆ – ಕತ್ತೆ, ಬಳಿ – ಬಳ್ಳಿ, ಎಣೆ – ಎಣ್ಣೆ.

ಅಕಾರ ಹಕಾರಗಳಿಗೆ: ಅಕ್ಕಿ – ಹಕ್ಕಿ, ಅಲ್ಲಿ – ಹಲ್ಲಿ, ಆಡು – ಹಾಡು, ಅರಿ – ಹರಿ.

ಇವುಗಳನ್ನು ಮೊದಲು ಬರೆಯಿಸಕೂಡದು. ದೊಡ್ಡವರು ಒಂದೊಂದಾಗಿ ಹೇಳಬೇಕು; ಮಗುವು ಅರ್ಥವನ್ನು ಹೇಳಬೇಕು. ಹುಲಿ ಎಂದರೆ ಗರ್ಜಿಸಲಿ, ಹುಳಿ ಎಂದರೆ ಮುಖ ಕಿವಿಚಲಿ. ದೀರ್ಘ ಬಂದಾಗ ಕೈಯನ್ನು ನೀಳವಾಗಿ ಎಳೆಯಲಿ. ಒತ್ತು ಬಂದಾಗ ಮುಷ್ಟಿ ಹಿಡಿಯಲಿ. ಕತೆ ಎಂಬಲ್ಲಿ ಕೈ ಬಿಡಿಯಾಗಿರುವುದು, ಕತ್ತೆ ಎಂಬಲ್ಲಿ ಮುಷ್ಟಿ ಬಿಗಿಯುವುದು. ಮೂರು ನಾಲ್ಕು ದಿನ ಹೀಗೆ ಆಡಿದ ಮೇಲೆ ಪಾತ್ರವನ್ನು ಬದಲಾಯಿಸಬೇಕು: ಮಗುವು ಹೇಳುವುದು, ದೊಡ್ಡವರು ಬರೆಯುವುದು. ಮಗುವು ಹೇಳಿದಂತೆಯೇ ಬರೆಯಬೇಕು, ತಿದ್ದಿ ಬರೆಯಬಾರದು. ನಮ್ಮ ಹುಡುಗನು ಅವಸರದಲ್ಲಿ "ರಜದಲ್ಲಿ ಹಲ್ಲಿಗೆ ಹೋಗುತ್ತೇವೆ" ಎಂದಾಗ ನಾನು ಹಾಗೆಯೇ ಬರೆದು, ಪಕ್ಕದಲ್ಲಿ ಗೋಡೆಯ ಮೇಲಿನ ಹಲ್ಲಿಯ ಚಿತ್ರವನ್ನು ಹಾಕಿದೆನು. ಇಬ್ಬರೂ ನಕ್ಕೆವು. ಆಮೇಲೆ ಅವನು ಆ ಳಕಾರವನ್ನು ಮರೆತದ್ದನ್ನು ನಾನು ಕಾಣೆ. ವಾಕ್ಯವನ್ನು ಕಂಡು ಮಗುವಿನೊಡನೆ ನಗಬಹುದು. ಮಗುವನ್ನು ಕಂಡು ನಗಬಾರದು.

ಹಕಾರದ ವಿಷಯದಲ್ಲಿ, ಮನೆಯ ಮಾತಿನಲ್ಲಿಯೇ ಅದು ಜಾರಿದ್ದರೆ ಕಿವಿಯೊಂದೇ ಸಾಲದು. ಅದಕ್ಕೆ ಭಾಷೆಯ ಚರಿತ್ರೆಯಲ್ಲಿ ಒಂದು ಸುಲಭೋಪಾಯವಿದೆ. ಹಳಗನ್ನಡದಲ್ಲಿ ಪಕಾರದಿಂದ ಮೊದಲಾಗುತ್ತಿದ್ದ ಬಹು ಪದಗಳು ಕಾಲಕ್ರಮದಲ್ಲಿ ಹಕಾರವನ್ನು ಪಡೆದವು. ಪಾಲ್ ಎಂಬುದು ಹಾಲಾಯಿತು, ಪುಲಿ ಹುಲಿಯಾಯಿತು, ಪುಲ್ ಹುಲ್ಲಾಯಿತು, ಪತ್ತು ಹತ್ತಾಯಿತು, ಪಾವು ಹಾವಾಯಿತು, ಪಳ್ಳಿ ಹಳ್ಳಿಯಾಯಿತು. ನೆರೆಯ ತಮಿಳಿನಲ್ಲಿ ಆ ಪಕಾರವು ಇಂದಿಗೂ ಉಳಿದಿದೆ. ತಮಿಳನ್ನೋ ತೆಲುಗನ್ನೋ ಬಲ್ಲ ಮನೆಗಳಲ್ಲಿ, "ಅವರಲ್ಲಿ ಪ ಇದ್ದರೆ ನಮ್ಮಲ್ಲಿ ಹ" ಎಂದು ಮಗುವಿಗೆ ತೋರಿಸಿಕೊಟ್ಟರೆ ಅದು ಕುತೂಹಲದಿಂದ ಕಲಿಯುವುದು. ಅಕ್ಕ, ಅಣ್ಣ, ಅಜ್ಜಿ, ಅಕ್ಕಿ, ಆನೆ, ಅದು, ಇದು ಇವುಗಳಿಗೆ ಎಂದೂ ಪಕಾರವಿರಲಿಲ್ಲ, ಹಕಾರವೂ ಬೇಡ.

ಕಣ್ಣಿನ ಪಾಠ

ಕೆಲವು ತಪ್ಪುಗಳು ಕಿವಿಯದಲ್ಲ, ನಮ್ಮ ಲಿಪಿಯ ರಚನೆಯಿಂದ ಬಂದವು. ದೊಡ್ಡವರಿಗೆ ರೂಢಿಯಾಗಿರುವುದರಿಂದ ಇವುಗಳ ಕಷ್ಟವು ತೋರುವುದೇ ಇಲ್ಲ. ಶಕ್ತಿ ಎಂಬ ಪದವನ್ನು ನೋಡಿರಿ. ನುಡಿಯುವಾಗ ಮೊದಲು ಕ್, ಆಮೇಲೆ ತ್, ಕೊನೆಗೆ ಇ. ಬರೆಯುವಾಗಲಾದರೋ ಇಕಾರದ ಗುಡಿಸು ಮೇಲಿನ ಕಕಾರಕ್ಕೆ ಸೇರುವುದು, ತಕಾರವು ಕೆಳಗೆ ಇಳಿಯುವುದು. ಕೊನೆಯಲ್ಲಿ ಕೇಳಿದ ಸ್ವರವು ಮೊದಲಿನ ಅಕ್ಷರದ ತಲೆಯ ಮೇಲೆ ಏಕೆ ಕುಳಿತಿತೆಂದು ಮಗುವಿಗೆ ಹೇಗೆ ತಿಳಿಯಬೇಕು? ಆದಕಾರಣ ಒತ್ತಕ್ಷರಗಳನ್ನು ಬಿಡಿಸಿ ಹೇಳಿಸುವ ಹಳೆಯ ಪದ್ಧತಿಯು ಬಹಳ ಒಳ್ಳೆಯದು: ಕ್ + ತ್ + ಇ = ಕ್ತಿ; ಸ್ + ತ್ + ರ್ + ಈ = ಸ್ತ್ರೀ. "ಮೇಲಿನದು ಮೊದಲು, ಕೆಳಗಿನದು ಆಮೇಲೆ, ಸ್ವರ ಕೊನೆಗೆ" ಎಂಬ ಸೂತ್ರವನ್ನು ಬಾಯಿಗೆ ಬರಿಸಿದರೆ ಸಾಕು.

ಅರ್ಕಾವತ್ತಿನ ತೊಡಕು ಇದಕ್ಕೆ ವಿರುದ್ಧವಾದುದು. ಕರ್ಮ ಎಂಬಲ್ಲಿ ರಕಾರವನ್ನು ಮಕಾರಕ್ಕಿಂತ ಮೊದಲು ನುಡಿಯುತ್ತೇವೆ, ಅದರ ಗುರುತನ್ನು ಮಕಾರದ ಬಳಿಕ ಬರೆಯುತ್ತೇವೆ. ಕ್ರಮ ಎಂಬಲ್ಲಿ ರಕಾರವು ಕಕಾರದ ಕೆಳಗೆ ಒತ್ತಾಗಿ ಬರುವುದು. ಕ್ರಮ – ಕರ್ಮ ಎಂಬ ಜೋಡಿಯನ್ನು ಒಂದರ ಪಕ್ಕದಲ್ಲೊಂದನ್ನು ಬರೆದು ತೋರಿಸಿ, ವರ್ಷ, ಸೂರ್ಯ, ಧರ್ಮ ಒಂದು ಕಡೆ, ಪ್ರಾಣ, ಚಕ್ರ, ಗ್ರಾಮ ಇನ್ನೊಂದು ಕಡೆ ಸೇರಿಸಬೇಕು.

ವಟ್ರಸುಳಿಯೂ ಹೀಗೆಯೇ. ಕೃಷ್ಣ, ಹೃದಯ, ಅಮೃತ, ಕೃಪೆ ಎಂಬ ಪದಗಳನ್ನು ನಾವು ಈಗ ನುಡಿಯುವ ರೀತಿಯಲ್ಲಿ ವಟ್ರಸುಳಿಗೂ ರಕಾರದ ಒತ್ತು ಕೊಂಬುಗಳಿಗೂ ಭೇದ ತೋರುವುದು ಕಡಿಮೆ. ಗೃಹ ಎಂದರೆ ಮನೆ, ಗ್ರಹ ಎಂದರೆ ಆಕಾಶದಲ್ಲಿ ತಿರುಗುವುದು ಎಂದು ಹೇಳಿಕೊಟ್ಟರೆ ಮಗುವು ಆ ಸುಳಿಯ ಬೆಲೆಯನ್ನು ತಿಳಿಯುವುದು. ವಟ್ರಸುಳಿಯ ಪದಗಳು ಸಂಸ್ಕೃತದಿಂದ ಬಂದವು. ಚಿಕ್ಕ ತರಗತಿಗಳಲ್ಲಿ ಕಾಣುವವು ಸುಮಾರು ಒಂದು ಪುಟಕ್ಕಿಂತ ಹೆಚ್ಚಾಗಲಾರವು. ಅವನ್ನು ಪಟ್ಟಿಮಾಡಿ ಗೋಡೆಗೆ ಅಂಟಿಸುವುದು ಮೇಲು.

ನಿಯಮದ ಪಾಠ

ನಿಯಮಗಳನ್ನು ಸ್ವಲ್ಪವಾಗಿಯೂ ಸರಳವಾಗಿಯೂ ಕೊಡಬೇಕು. ನಾಲ್ಕನೆಯ, ಐದನೆಯ ತರಗತಿಯವರಿಗೆ ಈ ನಾಲ್ಕು ನಿಯಮಗಳು ಬಹಳ ಉಪಯುಕ್ತವೆಂದು ನಾನು ಕಂಡುಕೊಂಡಿದ್ದೇನೆ.

ಮೊದಲನೆಯದು ಮಹಾಪ್ರಾಣದ್ದು. ಖ, ಘ, ಛ, ಝ, ಠ, ಢ, ಥ, ಧ, ಫ, ಭ ಎಂಬ 10 ಮಹಾಪ್ರಾಣಗಳು ಅಚ್ಚಗನ್ನಡ ಪದಗಳಲ್ಲಿ ಬರುವುದು ತೀರ ವಿರಳ. ತಲೆ, ಕಣ್ಣು, ಕಿವಿ, ಕೈ, ಬಾಗಿಲು, ಕಿಟಕಿ, ದನ, ಕರು, ಬೆಲ್ಲ, ತುಪ್ಪ, ಕಡಲೆ ಇಂಥ ಮನೆಯ ಮಾತುಗಳಿಗೆ ಹೊಟ್ಟೆ ಸೀಳಬೇಕಾಗಿಲ್ಲ. ಪಾಠ, ಭಾಷೆ, ಅಧ್ಯಾಪಕ, ವಿದ್ಯಾರ್ಥಿ ಇಂಥ ಶಾಲೆಯ ಮಾತುಗಳು ಸಂಸ್ಕೃತದವು; ಇವನ್ನು ನೋಡಿ ಕಲಿಯಬೇಕು. ಅಡಿಗೆಮನೆಯಲ್ಲಿ ಗೋಧಿಯೊಂದು ಬೇರೆ ಜಾತಿಯದು. ಅದು ಗೋಧೂಮದಿಂದ ಬಂದುದರಿಂದ ಧಕಾರವನ್ನು ಹೊತ್ತು ತಂದಿದೆ. ದನ ಎಂದರೆ ಹಟ್ಟಿಯಲ್ಲಿರುವುದು, ಧನ ಎಂದರೆ ಪೆಟ್ಟಿಗೆಯಲ್ಲಿರುವುದು ಎಂದು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಇದರೊಡನೆ ಇನ್ನೊಂದು ಮಾತು: ಬುದ್ಧಿ, ಶುದ್ಧ, ಯುದ್ಧ, ಇಚ್ಛೆ, ಸ್ವಚ್ಛ ಎಂಬಲ್ಲಿ ಮೇಲಿನದು ಅಲ್ಪಪ್ರಾಣ, ಒತ್ತು ಮಹಾಪ್ರಾಣ. ಉದ್ದ, ಗದ್ದೆ, ನಿದ್ದೆ, ಮುದ್ದು ಎಂಬಲ್ಲಿ ಎರಡೂ ಅಲ್ಪಪ್ರಾಣವೇ.

ಎರಡನೆಯದು ಶ, ಷ, ಸಗಳದ್ದು. ಈ ಮೂರು ಅಕ್ಷರಗಳೂ ಒತ್ತಕ್ಷರದಲ್ಲಿ ಬಹುಮಟ್ಟಿಗೆ ತಮ್ಮ ನೆರೆಯವರನ್ನು ಕೂಡುತ್ತವೆ. ನಾಲಗೆಯು ಒಂದೇ ಸ್ಥಾನದಲ್ಲಿ ನಿಲ್ಲುವುದೇ ಇದಕ್ಕೆ ಕಾರಣ. ಚಕಾರದೊಡನೆ ಶಕಾರ: ಆಶ್ಚರ್ಯ, ನಿಶ್ಚಯ, ಪಶ್ಚಿಮ. ಟಕಾರ, ಠಕಾರ, ಣಕಾರಗಳೊಡನೆ ಷಕಾರ: ಕಷ್ಟ, ಶ್ರೇಷ್ಠ, ಉಷ್ಣ; ನಮ್ಮವೇ ಆದ ಅಷ್ಟು, ಇಷ್ಟು, ಎಷ್ಟು ಎಂಬವೂ ಹಾಗೆಯೇ. ತಕಾರ ಥಕಾರಗಳೊಡನೆ ಸಕಾರ: ಪುಸ್ತಕ, ವಿಸ್ತಾರ, ಸ್ಥಳ. ಸ್ಟೇಷನ್ ಮೊದಲಾದ ಪರಭಾಷೆಯ ಪದಗಳು ಮಾತ್ರ ಈ ಕಟ್ಟಳೆಗೆ ಹೊರಗು.

ಮೂರನೆಯದು ಣಕಾರದ್ದು. ಸಂಸ್ಕೃತ ಪದಗಳಲ್ಲಿ ಋ, ರ, ಷಗಳಲ್ಲಿ ಒಂದು ಹಿಂದೆ ಬಂದಿದ್ದರೆ ಮುಂದೆ ಬರುವ ನಕಾರವು ಬಹುಧಾ ಣಕಾರವಾಗುವುದು: ಋಣ, ಕಾರಣ, ಪುರಾಣ, ರಾಮಾಯಣ, ಭೂಷಣ. ಭೋಜನ, ವಾಹನ, ಗಮನ ಎಂಬಲ್ಲಿ ಆ ಅಕ್ಷರಗಳಿಲ್ಲವಾಗಿ ನಕಾರವೇ ಉಳಿಯಿತು. ನಡುವೆ ಚವರ್ಗ, ಟವರ್ಗ, ತವರ್ಗಗಳ ಅಕ್ಷರವೋ, ಲಕಾರವೋ, ಶಕಾರ ಸಕಾರಗಳೋ ಅಡ್ಡ ಬಂದರೆ ಈ ಮಾರ್ಪಾಟು ಆಗದು. ಆದುದರಿಂದಲೇ ರಚನೆ, ಪ್ರಾರ್ಥನೆ, ದರ್ಶನ ಎಂದು ಬರೆಯುತ್ತೇವೆ. ಗುಣ, ವೀಣೆ, ಕಲ್ಯಾಣ ಇವು ಸ್ವಭಾವದಿಂದಲೇ ಣಕಾರವುಳ್ಳವು. ಕನ್ನಡದ ಯಾವ ಪದವೂ ಣಕಾರದಿಂದಾಗಲಿ ಳಕಾರದಿಂದಾಗಲಿ ಮೊದಲಾಗುವುದಿಲ್ಲವೆಂಬುದನ್ನೂ ಮಗುವಿಗೆ ಹೇಳಬಹುದು.

ನಾಲ್ಕನೆಯದು ಪದಕ್ಕೆ ಪ್ರತ್ಯಯ ಸೇರುವಾಗಿನದು. ಮಕ್ಕಳು "ಶಾಲೆಅಲ್ಲಿ", "ಕರುಅನ್ನು" ಎಂದು ಬರೆಯುವುದುಂಟು. ಇಕಾರ ಎಕಾರಗಳ ಮುಂದೆ ಯಕಾರ ಬರುವುದು: ಶಾಲೆಯಲ್ಲಿ, ಮನೆಯನ್ನು, ಅಜ್ಜಿಯ. ಕರು, ಹಸು, ಗುರು, ಮಗು ಮೊದಲಾದವುಗಳ ಮುಂದೆ ವಕಾರ ಬರುವುದು: ಕರುವನ್ನು, ಹಸುವಿಗೆ, ಗುರುವಿನ. ಮರವನ್ನು, ಹೊಲವನ್ನು ಎಂಬಲ್ಲಿ ಅಕಾರದ ಮುಂದೆಯೂ ವಕಾರವೇ. ಹಾಲು, ಊರು ಇಂಥವುಗಳಲ್ಲಿ ಕೊನೆಯ ಉಕಾರವೇ ಲೋಪವಾಗಿ ಹಾಲನ್ನು, ಊರನ್ನು ಎಂದಾಗುವುದು. ಮಗುವು ಮೆಲ್ಲನೆ ಗಟ್ಟಿಯಾಗಿ ನುಡಿದರೆ ಈ ಯಕಾರ ವಕಾರಗಳು ಅದರ ಬಾಯಲ್ಲಿಯೇ ಹುಟ್ಟುವುವು. ಹುಟ್ಟಿದುದನ್ನು ಬರೆಯುವುದಷ್ಟೇ ಕೆಲಸ.

ದಿನಕ್ಕೆ ಹತ್ತು ನಿಮಿಷ

ಈ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ಹದಿನೈದನ್ನು ಮೀರಬಾರದು. ಭಾನುವಾರ ಎರಡು ಗಂಟೆ ಕೂರಿಸಿ ವಾರವೆಲ್ಲ ಬಿಟ್ಟುಬಿಡುವುದರಿಂದ ಫಲವಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಉಚ್ಚಾರಾಂಶಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು, 1885ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಕಲಿತದ್ದು ಮೊದಲು ಬೇಗಬೇಗನೆ, ಆಮೇಲೆ ನಿಧಾನವಾಗಿ ಮರೆತುಹೋಗುವುದೆಂದೂ, ಒಂದೇ ಸಲ ರಾಶಿಹಾಕಿದ ಅಭ್ಯಾಸಕ್ಕಿಂತ ದಿನದಿನಕ್ಕೆ ಹಂಚಿದ ಅಭ್ಯಾಸವು ಹೆಚ್ಚು ನಿಲ್ಲುವುದೆಂದೂ ಅವನು ತೋರಿಸಿಕೊಟ್ಟನು. "ಹನಿಗೂಡಿದರೆ ಹಳ್ಳ" ಎಂದು ನಮ್ಮ ಹಿರಿಯರು ಹೇಳಿದ್ದೂ ಇದೇ.

ತಪ್ಪಿದ ಪದವನ್ನು ಐವತ್ತು ಸಲ ಬರೆಸುವ ಶಿಕ್ಷೆಯು ಇಂದಿಗೂ ಕೆಲವು ಮನೆಗಳಲ್ಲಿದೆ. ಹತ್ತನೆಯ ಸಲಕ್ಕೆ ಕೈ ಮಾತ್ರ ಓಡುವುದು, ಮನಸ್ಸು ಆಟದ ಬಯಲಿನಲ್ಲಿರುವುದು. ಮೊದಲನೆಯದರಲ್ಲಿಯೇ ತಪ್ಪಿದರೆ ಐವತ್ತು ಸಲವೂ ತಪ್ಪೇ ಅಭ್ಯಾಸವಾಗುವುದು. ಅದರ ಬದಲು ಪದವನ್ನು ಒಮ್ಮೆ ಚೆನ್ನಾಗಿ ನೋಡಿಸಿ, ಬಿಡಿಸಿ ನುಡಿಸಿ, ಮುಚ್ಚಿಟ್ಟು ಬರೆಯಿಸಿ, ತೆರೆದು ಮಗುವೇ ಹೋಲಿಸಿಕೊಳ್ಳುವಂತೆ ಮಾಡಬೇಕು. ಹೀಗೆ ಮೂರು ದಿನ ಮೂರು ಸಲ ಬರೆದರೆ ಐವತ್ತಕ್ಕಿಂತ ಮೇಲು.

ನಮ್ಮ ಮನೆಯಲ್ಲಿ ಒಂದು ವಾರಕ್ಕೆ ಒಂದೇ ಬಗೆಯ ತಪ್ಪನ್ನು ತೆಗೆದುಕೊಳ್ಳುವ ಕ್ರಮವನ್ನಿಟ್ಟುಕೊಂಡೆವು. ಸೋಮವಾರ ಜೋಡಿ ಪದಗಳನ್ನು ಕೇಳಿ ಗುರುತಿಸುವುದು. ಮಂಗಳವಾರ ಬಾಯಲ್ಲಿ ಬಿಡಿಸಿ ಹೇಳುವುದು. ಬುಧವಾರ ನೋಡಿ, ಮುಚ್ಚಿ, ಬರೆಯುವುದು. ಗುರುವಾರ ಐದು ಸಣ್ಣ ವಾಕ್ಯಗಳ ಉಕ್ತಲೇಖನ. ಶುಕ್ರವಾರ ಅಂಗಡಿಯ ಸಾಮಾನಿನ ಪಟ್ಟಿ. ಶನಿವಾರ ಹಿಂದಿನ ವಾರದ ಪದಗಳ ಪುನರಾವರ್ತನೆ. ಸಾಮಾನಿನ ಪಟ್ಟಿಯು ಗೃಹಿಣಿಯರಿಗೆ ಸುಲಭವಾಗಿ ಒದಗುವ ಉಪಾಯ. ತೊಗರಿಬೇಳೆ, ಅಕ್ಕಿ, ಎಣ್ಣೆ, ಹುಣಿಸೆಹಣ್ಣು, ಎಳ್ಳು ಇಷ್ಟರಲ್ಲಿಯೇ ದೀರ್ಘ, ಹಕಾರ, ಣಕಾರ, ಳಕಾರ, ಒತ್ತು ಎಲ್ಲವೂ ಬಂದುವು. ಡಬ್ಬಗಳ ಮೇಲೆ ಹೆಸರಿನ ಚೀಟಿಗಳನ್ನು ಮಗುವಿನ ಕೈಯಿಂದಲೇ ಬರೆಯಿಸಿ ಅಂಟಿಸಿದರೆ, ದಿನವೂ ಕಣ್ಣಿಗೆ ಬೀಳುವುದರಿಂದ ಪಾಠವು ತಾನಾಗಿಯೇ ನಡೆಯುವುದು.

ಭಾನುವಾರ ಮಗುವು ತನಗೆ ಬೇಕಾದುದನ್ನು ಬರೆಯಲಿ. ಅದನ್ನು ತಿದ್ದಕೂಡದು. ಮೊದಲು ಅದರಲ್ಲಿ ಏನು ಹೇಳಿದೆ ಎಂಬುದಕ್ಕೆ ಉತ್ತರ ಕೊಡಬೇಕು. ಉಕ್ತಲೇಖನವನ್ನು ತಿದ್ದುವಾಗಲೂ ತಪ್ಪಿದ ಪದದ ಮೇಲೆ ಗೆರೆ ಎಳೆಯುವ ಬದಲು, "ಈ ಸಾಲಿನಲ್ಲಿ ಎರಡು ಕಡೆ ಒತ್ತು ಬಿಟ್ಟಿದೆ, ನೀನೇ ಹುಡುಕು" ಎಂದರೆ ಮಗುವು ಹುಡುಕುವುದನ್ನು ಕಲಿಯುವುದು. ತನ್ನ ತಪ್ಪನ್ನು ತಾನೇ ಕಂಡುಹಿಡಿಯುವ ಶಕ್ತಿ ಬಂದ ದಿನ ತಾಯ್ತಂದೆಗಳ ಕೆಲಸ ಮುಗಿಯಿತು. ಈಗ ಮನೆಮನೆಗೂ ಬಂದಿರುವ ಮೊಬೈಲು ಪದವನ್ನು ತಾನೇ ಸೂಚಿಸುವುದಾದರೂ, ದನವೋ ಧನವೋ ಎಂಬುದನ್ನು ಆರಿಸಬೇಕಾದವನು ಬರೆಯುವವನೇ.

ಎರಡು ಎಚ್ಚರಿಕೆಗಳು

ಮನೆಯ ಪಾಠವು ಶಾಲೆಯ ಪಾಠಕ್ಕೆ ಅಡ್ಡ ಬರಬಾರದು. ನಾವು ಕಲಿತಂತೆ ಈಗ ಎಲ್ಲ ಶಾಲೆಗಳಲ್ಲಿಯೂ ಅ ಆ ಇ ಈಗಳಿಂದಲೇ ಆರಂಭಿಸುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಮೊದಲಾಗಿ ಸರಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂಬ ಅಕ್ಷರಗಳನ್ನು ಮೊದಲು ಕಲಿಸಿ, ಅವುಗಳಿಂದಲೇ ಪದಗಳನ್ನು ಕಟ್ಟಿಸುತ್ತಾರೆ. ಎರಡನೆಯ ತರಗತಿಯ ಮಗುವಿಗೆ ವರ್ಣಮಾಲೆಯ ಕ್ರಮ ಬಾರದೆಂದು ಗಾಬರಿಪಡದೆ, ಉಪಾಧ್ಯಾಯರನ್ನು ಕಂಡು ಯಾವ ಅಕ್ಷರಗಳಾಗಿವೆ ಎಂದು ಕೇಳಿಕೊಂಡು ಅಷ್ಟರೊಳಗೆ ಅಭ್ಯಾಸ ಮಾಡಿಸತಕ್ಕದ್ದು.

ಎರಡನೆಯ ಎಚ್ಚರಿಕೆಯು ಹೆಚ್ಚು ಮುಖ್ಯವಾದುದು. ಎಷ್ಟು ತಾಳ್ಮೆಯಿಂದ ಕಲಿಸಿದರೂ ಕೆಲವು ಮಕ್ಕಳು ಹಿಂದೆಯೇ ಉಳಿಯುವುದುಂಟು. ಅಂಥ ಮಗುವನ್ನು ಸೋಮಾರಿ, ದಡ್ಡ ಎಂದು ಕರೆಯುವ ಮೊದಲು ಕಿವಿಯನ್ನೂ ಕಣ್ಣನ್ನೂ ವೈದ್ಯರಿಗೆ ತೋರಿಸಬೇಕು. ಲಕಾರ ಳಕಾರಗಳ ಭೇದವು ಕಿವಿಗೆ ಬೀಳದಿದ್ದರೆ ಕೈಗೆ ಹೇಗೆ ಬಂದೀತು? ಕಿವಿ ಕಣ್ಣುಗಳು ಸರಿಯಾಗಿದ್ದರೂ, ಬುದ್ಧಿ ಚುರುಕಾಗಿದ್ದರೂ, ಓದು ಬರೆಹಗಳಲ್ಲಿ ಮಾತ್ರ ತೊಡಕುಂಟಾಗುವ ಡಿಸ್‌ಲೆಕ್ಸಿಯಾ ಎಂಬ ಸ್ಥಿತಿಯೊಂದುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಂಥ ಕಲಿಕೆಯ ತೊಡಕುಗಳನ್ನು ಗಣನೆಗೆ ತೆಗೆದುಕೊಂಡಿದೆ. ಇಂಥ ಮಕ್ಕಳಿಗೆ ತಿಳಿದವರ ಸಹಾಯ ಬೇಕು. ಮೊಟಕುವುದರಿಂದ ಮೊಂಡುತನ ಬಂದೀತೇ ಹೊರತು ಅಕ್ಷರ ಬಾರದು.

ಎರಡನೆಯ ಕಾಗದ

ನಮ್ಮ ಹುಡುಗನು ಮತ್ತೆ ಕಾಗದ ಬರೆದದ್ದು ಸುಮಾರು ಐದು ತಿಂಗಳ ಮೇಲೆ. ಕರುವಿಗೆ ಹೆಸರಿಟ್ಟುದನ್ನೂ, ಅದು ಹಗ್ಗ ಬಿಚ್ಚಿಕೊಂಡು ನೆರೆಯವರ ಹೂವಿನ ಗಿಡಗಳನ್ನು ಮೇಯ್ದುದನ್ನೂ, ಹಾಲು ಈಗ ಹೆಚ್ಚಾಗಿರುವುದನ್ನೂ ಒಂದು ಪುಟದ ತುಂಬ ಬರೆದಿದ್ದನು. ಹಕಾರವು ಒಂದು ಕಡೆಯೂ ಜಾರಿರಲಿಲ್ಲ. ಒತ್ತು ಎರಡು ಕಡೆ ಬಿಟ್ಟಿತ್ತು, ದೀರ್ಘ ಒಂದು ಕಡೆ. ನಾನು ಓದಿ, "ನೆರೆಯವರು ಏನೆಂದರೋ?" ಎಂದು ಮಾತ್ರ ಕೇಳಿದೆನು. ಮೂರು ತಪ್ಪುಗಳೊಡನೆಯೇ ಕಾಗದವನ್ನು ಅಂಚೆಗೆ ಹಾಕಿದೆವು.

ಹತ್ತು ದಿನಗಳಲ್ಲಿ ಅಜ್ಜಿಯ ಉತ್ತರ ಬಂದಿತು. ಆಕೆ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವಳು. ಹುಡುಗನು ಅದನ್ನು ಎರಡು ಸಲ ಓದಿ, ನನ್ನ ಬಳಿಗೆ ಬಂದು ಮೆಲ್ಲನೆ, "ಅಪ್ಪಾ, ಅಜ್ಜಿ 'ಹಾಶೀರ್ವಾದ' ಅಂತ ಬರೆದಿದ್ದಾರೆ. ಆದರೆ ನೀವು ಕೆಂಪು ಶಾಯಿ ಹಚ್ಚಬೇಡಿ, ಆಮೇಲೆ ಅವರು ಬರೆಯುವುದೇ ಇಲ್ಲ" ಎಂದನು.